ಲೋಡಿಂಗ್ ಚಕ್ರ ಯಾವಾಗ ಬರಬೇಕು, ಯಾವಾಗ ಹೋಗಬೇಕು

ಪ್ರಶ್ನೆ: ಆ್ಯಪ್ ಕಟ್ಟುವ ಸಾಧನವಾದ ಫ್ಲಟರ್‌ನಲ್ಲಿ ನನ್ನ ಮೊದಲ ಆ್ಯಪ್ ಮಾಡುತ್ತಿದ್ದೇನೆ. ಸರ್ವರ್‌ನಿಂದ ಪಟ್ಟಿ ತಂದು ತೋರಿಸುತ್ತದೆ, ಫೋಟೋ ಅಪ್‌ಲೋಡ್ ಮಾಡುವ ಒಂದು ಸ್ಕ್ರೀನ್ ಕೂಡ ಇದೆ. ಎಲ್ಲ ಸ್ಕ್ರೀನ್‌ಗಳಲ್ಲೂ ನಡುಮಧ್ಯೆ ಸುತ್ತುವ ಚಕ್ರ ಹಾಕಿದ್ದೇನೆ. ನೆಟ್ ಚೆನ್ನಾಗಿದ್ದರೆ ಅದು ಮಿಂಚಿ ಮಾಯವಾಗುತ್ತದೆ. ಕೆಲವೊಮ್ಮೆ ಅರ್ಧದಲ್ಲೇ ನಿಂತುಬಿಡುತ್ತದೆ. ಒಂದೆರಡು ಸಲ ಹೋಗಲೇ ಇಲ್ಲ. ಡಿಸೈನರ್ ಗೆಳತಿ ಲಾಟಿ ಅನ್ನುವ ರೂಪದಲ್ಲಿ ಒಂದು ಅನಿಮೇಷನ್ ಮಾಡಿಕೊಟ್ಟಿದ್ದಾಳೆ. ಅದನ್ನು ಹಾಕಿದರೆ ಸರಿಹೋಗುತ್ತದಾ?

ಉತ್ತರ: ಇಲ್ಲ, ಅದೊಂದರಿಂದ ಸರಿಹೋಗುವುದಿಲ್ಲ. ಅನಿಮೇಷನ್ ಎಷ್ಟೇ ಚೆಂದ ಇರಲಿ, ನೀವು ಹೇಳಿದ ಮೂರೂ ತೊಂದರೆ ಹಾಗೇ ಉಳಿಯುತ್ತವೆ, ಯಾಕಂದರೆ ಆ ಮೂರಕ್ಕೂ ಚಕ್ರದ ರೂಪಕ್ಕೂ ಸಂಬಂಧವೇ ಇಲ್ಲ. ಮಿಂಚಿ ಮಾಯವಾಗುತ್ತಿದೆ ಅಂದರೆ ಅದು ಯಾವಾಗ ಬರಬೇಕು ಅಂತ ನೀವು ಇನ್ನೂ ತೀರ್ಮಾನ ಮಾಡಿಲ್ಲ. ಅರ್ಧಕ್ಕೆ ನಿಲ್ಲುತ್ತಿದೆ ಅಂದರೆ ಸ್ಕ್ರೀನ್ ಬಿಡಿಸಬೇಕಾದ ಥ್ರೆಡ್ (ಕೋಡ್ ಒಂದಾದ ಮೇಲೊಂದು ಓಡುವ ದಾರಿ) ಮೇಲೆ ಬೇರೆ ಭಾರ ಬಿದ್ದಿದೆ. ಹೋಗುತ್ತಲೇ ಇಲ್ಲ ಅಂದರೆ, ಕೆಲಸ ಮುಗಿಯಬಹುದಾದ ಯಾವುದೋ ಒಂದು ದಾರಿಯನ್ನು ಎಣಿಸುವುದು ಬಿಟ್ಟುಹೋಗಿದೆ. ಇವನ್ನು ಒಂದೊಂದಾಗಿ ನೋಡೋಣ. ಗೆಳತಿಯ ಅನಿಮೇಷನ್‌ಗೂ ಜಾಗ ಇದೆ, ಅದಕ್ಕೂ ಬರುತ್ತೇನೆ.

ಮೊದಲು ಮಿಂಚುವ ವಿಷಯ. ಕಂಪ್ಯೂಟರ್ ಎಷ್ಟು ಹೊತ್ತಿನಲ್ಲಿ ಉತ್ತರ ಕೊಟ್ಟರೆ ಮನುಷ್ಯನಿಗೆ ಹೇಗನ್ನಿಸುತ್ತದೆ ಅನ್ನುವುದು ಹಳೆಯ ವಿಚಾರ. ರಾಬರ್ಟ್ ಮಿಲ್ಲರ್ 1968ರಲ್ಲೇ ಇದರ ಬಗ್ಗೆ ಬರೆದಿದ್ದರು. 1993ರಲ್ಲಿ ಯಾಕೋಬ್ ನೀಲ್ಸನ್ ಅದನ್ನು ಮೂರು ಅಂಕಿಗಳಲ್ಲಿ ಹೇಳಿದರು, ಇವತ್ತಿಗೂ ಎಲ್ಲರೂ ಬಳಸುವುದು ಅದನ್ನೇ. 0.1 ಸೆಕೆಂಡಿನೊಳಗೆ ಉತ್ತರ ಬಂದರೆ ತಕ್ಷಣ ಆದ ಹಾಗೆ ಅನ್ನಿಸುತ್ತದೆ. 1 ಸೆಕೆಂಡಿನ ತನಕ ತಡ ಆದದ್ದು ಗೊತ್ತಾಗುತ್ತದೆ, ಆದರೆ ಯೋಚನೆಯ ಎಳೆ ಕಡಿಯುವುದಿಲ್ಲ. 10 ಸೆಕೆಂಡ್ ದಾಟಿದರೆ ಗಮನ ಬೇರೆ ಕಡೆ ಹೋಗುತ್ತದೆ. ಫೋನ್ ಬದಲಾಗಿದೆ, ನೆಟ್ ಬದಲಾಗಿದೆ, ಈ ಅಂಕಿಗಳು ಬದಲಾಗಿಲ್ಲ, ಯಾಕಂದರೆ ಇವು ಯಂತ್ರದ ಅಳತೆ ಅಲ್ಲ, ನಮ್ಮ ತಲೆಯ ಅಳತೆ.

ನಿಮ್ಮ ಸರ್ವರ್ 80 ಮಿಲಿಸೆಕೆಂಡಿನಲ್ಲಿ ಉತ್ತರ ಕೊಟ್ಟಿತು ಅಂದುಕೊಳ್ಳಿ. ಚಕ್ರ ಇಲ್ಲದೆ ಇದ್ದಿದ್ದರೆ ಬಳಸುವವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ನೀವು ಚಕ್ರ ತೋರಿಸಿದ್ದರಿಂದಲೇ ಅವರ ಕಣ್ಣಿಗೆ ಏನೋ ಬಂದು ಹೋದ ಹಾಗಾಯಿತು. ಅಂದರೆ ಇಲ್ಲದ ತಡವನ್ನು ನೀವೇ ಹುಟ್ಟಿಸಿದಿರಿ. ಹಾಗಾಗಿ ಕೆಲಸ ಶುರುವಾದ ಕೂಡಲೇ ಚಕ್ರ ತೋರಿಸಬೇಡಿ, ಸ್ವಲ್ಪ ತಡೆಯಿರಿ. ಅಷ್ಟರೊಳಗೆ ಡೇಟಾ ಬಂದರೆ ಚಕ್ರವೇ ಬೇಡ. ಬರದಿದ್ದರೆ ತೋರಿಸಿ. ಆದರೆ ಒಮ್ಮೆ ತೋರಿಸಿದ ಮೇಲೆ ಕೂಡಲೇ ತೆಗೆಯಬೇಡಿ, ಸ್ವಲ್ಪ ಹೊತ್ತಾದರೂ ಇರಲಿ. ಆಂಡ್ರಾಯ್ಡ್‌ನಲ್ಲಿ ಇದಕ್ಕೆಂದೇ ಕಂಟೆಂಟ್ ಲೋಡಿಂಗ್ ಪ್ರೋಗ್ರೆಸ್ ಬಾರ್ ಅಂತ ಒಂದು ವ್ಯೂ ಇದೆ. ಅದು 500 ಮಿಲಿಸೆಕೆಂಡ್ ಕಾದು ಆಮೇಲೆ ಕಾಣಿಸಿಕೊಳ್ಳುತ್ತದೆ, ಕಾಣಿಸಿಕೊಂಡರೆ ಕನಿಷ್ಠ 500 ಮಿಲಿಸೆಕೆಂಡ್ ಉಳಿಯುತ್ತದೆ. ಫ್ಲಟರ್‌ನಲ್ಲಿ ಒಂದು ಟೈಮರ್ ಇಟ್ಟುಕೊಂಡು ನೀವೇ ಪುಟ್ಟ ವಿಜೆಟ್ ಬರೆದುಕೊಳ್ಳಬಹುದು, ಮೂವತ್ತು ನಲವತ್ತು ಸಾಲಿನ ಕೆಲಸ ಅಷ್ಟೇ.

ನಾನು ಕಾಯುವ ಸಮಯ 300 ಮಿಲಿಸೆಕೆಂಡ್ ಇಡುತ್ತೇನೆ, ಅರ್ಧ ಸೆಕೆಂಡ್ ಖಾಲಿ ಸ್ಕ್ರೀನ್ ನನಗೆ ಜಾಸ್ತಿ ಅನ್ನಿಸುತ್ತದೆ. ಕನಿಷ್ಠ ಉಳಿಯುವ ಸಮಯದ ಬಗ್ಗೆ ಕೆಲವರಿಗೆ ಬೇಜಾರಿದೆ. ಡೇಟಾ ಬಂದ ಮೇಲೂ ಬೇಕಂತಲೇ ಕಾಯಿಸುವುದು ತಪ್ಪಲ್ವಾ ಅಂತ ಕೇಳುತ್ತಾರೆ. ಅವರು ಹೇಳುವುದರಲ್ಲಿ ನ್ಯಾಯ ಇದೆ. ಅದಕ್ಕೆ ನಾನು ಈಗೀಗ ಮಾಡುವುದು ಹೀಗೆ: ಚಕ್ರ ಒಮ್ಮೆಲೇ ಬರುವುದಿಲ್ಲ, ಮಸುಕಿನಿಂದ ನಿಧಾನವಾಗಿ ಮೂಡುತ್ತದೆ. ಮೂಡುವುದಕ್ಕೇ ಕಾಲು ಸೆಕೆಂಡ್ ಹಿಡಿಯುತ್ತದೆ. ನಡುವೆ ಡೇಟಾ ಬಂದರೆ ಅರ್ಧ ಮೂಡಿದ್ದು ಹಾಗೇ ಕರಗಿ ಪಟ್ಟಿ ಬರುತ್ತದೆ. ಕಣ್ಣಿಗೆ ಅದು ಮಿಂಚಿದ ಹಾಗೆ ಅನ್ನಿಸುವುದೇ ಇಲ್ಲ, ಯಾರನ್ನೂ ಸುಮ್ನೆ ಕಾಯಿಸಿದ ಹಾಗೂ ಆಗುವುದಿಲ್ಲ.

ಮಿಂಚುವುದಕ್ಕೆ ಫ್ಲಟರ್‌ನಲ್ಲಿ ಇನ್ನೊಂದು ಕಾರಣವೂ ಇರುತ್ತದೆ, ಹೊಸಬರ ಕೋಡ್‌ನಲ್ಲಿ ನಾನು ಪದೇ ಪದೇ ನೋಡಿದ್ದು. ಫ್ಯೂಚರ್ ಬಿಲ್ಡರ್ ಬಳಸಿ, ಸರ್ವರ್ ಕರೆಯುವ ಫಂಕ್ಷನ್ ಅನ್ನು ಬಿಲ್ಡ್ (ಸ್ಕ್ರೀನ್ ಕಟ್ಟುವ ಫಂಕ್ಷನ್) ಒಳಗೇ ಬರೆದಿದ್ದೀರಾ ನೋಡಿ. ಹಾಗೆ ಬರೆದರೆ ಸ್ಕ್ರೀನ್ ಮರು ಬಿಲ್ಡ್ ಆದಾಗೆಲ್ಲ ಹೊಸ ರಿಕ್ವೆಸ್ಟ್ ಹೋಗುತ್ತದೆ. ಕೀಬೋರ್ಡ್ ತೆರೆದರೂ ಚಕ್ರ, ಫೋನ್ ತಿರುಗಿಸಿದರೂ ಚಕ್ರ. ಆ ಫ್ಯೂಚರ್ ಅನ್ನು, ಅಂದರೆ ಮುಂದೆ ಬರಲಿರುವ ಉತ್ತರವನ್ನು, ಇನಿಟ್ ಸ್ಟೇಟ್‌ನಲ್ಲಿ ಒಮ್ಮೆ ಮಾಡಿ ಇಟ್ಟುಕೊಳ್ಳಿ, ಬಿಲ್ಡ್‌ನಲ್ಲಿ ಅದನ್ನು ಬರೀ ಓದಿ. ಇಷ್ಟು ಮಾಡಿದರೆ ನಿಮ್ಮ ಅರ್ಧ ತೊಂದರೆ ಇವತ್ತೇ ಹೋಗಬಹುದು.

ಈಗ ಅರ್ಧಕ್ಕೆ ನಿಲ್ಲುವುದು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದರೆ ಇಲ್ಲಿ ತುಂಬಾ ಜನರಿಗೆ ಒಂದು ತಪ್ಪು ತಿಳುವಳಿಕೆ ಇದೆ.

ಸಾಮಾನ್ಯ ಫೋನ್ ಸೆಕೆಂಡಿಗೆ 60 ಸಲ ಸ್ಕ್ರೀನ್ ಬಿಡಿಸುತ್ತದೆ. ಅಂದರೆ ಒಂದು ಫ್ರೇಮ್‌ಗೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್. 120 ಸಲ ಬಿಡಿಸುವ ಫೋನ್ ಆದರೆ ಅದರ ಅರ್ಧ. ಫ್ಲಟರ್‌ನಲ್ಲಿ ಚಕ್ರವನ್ನು ಪ್ರತಿ ಫ್ರೇಮ್‌ಗೂ ಸ್ವಲ್ಪ ಸ್ವಲ್ಪ ತಿರುಗಿಸುವುದು ನಿಮ್ಮ ಡಾರ್ಟ್ ಕೋಡ್ (ಡಾರ್ಟ್ ಅಂದರೆ ಫ್ಲಟರ್‌ನ ಭಾಷೆ) ಓಡುವ ಅದೇ ಮೇನ್ ಐಸೊಲೇಟ್, ಅಂದರೆ ಆ ಮುಖ್ಯ ಥ್ರೆಡ್. ಅಲ್ಲಿ ನೀವು 400 ಮಿಲಿಸೆಕೆಂಡ್ ಹಿಡಿಯುವ ಒಂದು ಕೆಲಸ ಕೊಟ್ಟರೆ ಆ 400 ಮಿಲಿಸೆಕೆಂಡ್ ಚಕ್ರ ಅಲ್ಲಾಡುವುದಿಲ್ಲ. ಆಮೇಲೆ ಮತ್ತೆ ಶುರುವಾದಾಗ ನಿಂತ ಜಾಗದಿಂದ ಮುಂದುವರಿಯುವುದಿಲ್ಲ, ಕಳೆದ ಸಮಯ ಲೆಕ್ಕ ಹಾಕಿ ಮುಂದಕ್ಕೆ ಜಿಗಿಯುತ್ತದೆ. ನಿಮ್ಮ ಚಕ್ರ ನಿಂತು ಆಮೇಲೆ ಜಿಗಿಯುತ್ತಿದ್ದರೆ ಕಾರಣ ಇದೇ ಅಂತ ಧೈರ್ಯವಾಗಿ ಹೇಳಬಹುದು.

"ಆದರೆ ನಾನು ಎಸಿಂಕ್ ಹಾಕಿದ್ದೇನಲ್ಲ" ಅಂತ ನೀವು ಹೇಳುತ್ತೀರಿ. ತಪ್ಪು ತಿಳುವಳಿಕೆ ಇರುವುದು ಇಲ್ಲೇ. ಎಸಿಂಕ್, ಅವೇಟ್ ಅಂತ ಬರೆದ ಮಾತ್ರಕ್ಕೆ ಕೆಲಸ ಬೇರೆ ಥ್ರೆಡ್‌ಗೆ ಹೋಗುವುದಿಲ್ಲ. ಸರ್ವರ್ ಉತ್ತರಕ್ಕೆ ಕಾಯುವಾಗ ಮೇನ್ ಐಸೊಲೇಟ್ ಖಾಲಿ ಇರುತ್ತದೆ, ಚಕ್ರ ಚೆನ್ನಾಗಿ ಸುತ್ತುತ್ತದೆ. ಉತ್ತರ ಬಂತು, ಅದು ದೊಡ್ಡ ಜೇಸನ್ (ಡೇಟಾ ಕಳಿಸುವ ಒಂದು ಪಠ್ಯ ರೂಪ), ಅದನ್ನು ಬಿಚ್ಚಿ ಸಾವಿರಾರು ಆಬ್ಜೆಕ್ಟ್ ಮಾಡುವ ಕೆಲಸ ಮಾತ್ರ ಮೇನ್ ಐಸೊಲೇಟ್‌ನಲ್ಲೇ ನಡೆಯುತ್ತದೆ. ಚಕ್ರ ನಿಲ್ಲುವುದು ಆಗ. ಅಂದರೆ ನೆಟ್ ನಿಧಾನ ಇದ್ದಾಗ ಅಲ್ಲ, ಡೇಟಾ ಬಂದ ಮೇಲೆ. ನಿಮ್ಮ ಫೋಟೋ ಸ್ಕ್ರೀನ್‌ನಲ್ಲಿ ಅಪ್‌ಲೋಡ್‌ಗೆ ಮೊದಲು ಫೋಟೋವನ್ನು ಡಾರ್ಟ್ ಕೋಡ್‌ನಲ್ಲೇ ಚಿಕ್ಕದು ಮಾಡುತ್ತಿದ್ದರೆ ಅಲ್ಲಂತೂ ಖಂಡಿತ ನಿಲ್ಲುತ್ತದೆ.

ಪರಿಹಾರ ಸುಲಭ. ಆ ಭಾರದ ಕೆಲಸವನ್ನು ಬೇರೆ ಐಸೊಲೇಟ್‌ಗೆ ಕಳಿಸಿ. 2023ರ ಆರಂಭದಲ್ಲಿ ಬಂದ ಡಾರ್ಟ್ 2.19ರಿಂದ ಐಸೊಲೇಟ್ ಡಾಟ್ ರನ್ ಇದೆ, ಒಂದು ಫಂಕ್ಷನ್ ಕೊಟ್ಟರೆ ಸಾಕು, ಉಳಿದದ್ದು ಅದೇ ನೋಡಿಕೊಳ್ಳುತ್ತದೆ. ಅದಕ್ಕೂ ಮೊದಲಿಂದ ಇರುವ ಕಂಪ್ಯೂಟ್ ಫಂಕ್ಷನ್ ಕೂಡ ಅದೇ ಕೆಲಸ ಮಾಡುತ್ತದೆ. ಆದರೆ ಇಪ್ಪತ್ತು ಸಾಲಿನ ಜೇಸನ್‌ಗೆಲ್ಲ ಇದನ್ನು ಮಾಡಬೇಡಿ, ಹೊಸ ಐಸೊಲೇಟ್ ಶುರು ಮಾಡುವುದಕ್ಕೂ ಸ್ವಲ್ಪ ಖರ್ಚಿದೆ. ಅಳೆದು ನೋಡಿ. ಅಳೆಯುವಾಗ ಡೀಬಗ್ ಮೋಡ್‌ನಲ್ಲಿ ಅಳೆಯಬೇಡಿ, ಅದು ಸಹಜವಾಗಿಯೇ ನಿಧಾನ. ನಿಜವಾದ ಫೋನ್‌ನಲ್ಲಿ ಪ್ರೊಫೈಲ್ ಮೋಡ್ ಹಾಕಿ, ಕೈಗೆ ಸಿಗುವ ಅತಿ ಹಳೆಯ ಫೋನ್ ಆದರೆ ಇನ್ನೂ ಒಳ್ಳೆಯದು.

ಬೇರೆ ವೇದಿಕೆಗಳಲ್ಲಿ ಇದೇ ಕಥೆ ಸ್ವಲ್ಪ ಬೇರೆ ಥರ ಇರುತ್ತದೆ. ರಿಯಾಕ್ಟ್ ನೇಟಿವ್‌ನಲ್ಲಿ ಅನಿಮೇಷನ್‌ಗೆ ಯೂಸ್ ನೇಟಿವ್ ಡ್ರೈವರ್ ಹಾಕಿದರೆ ಜಾವಾಸ್ಕ್ರಿಪ್ಟ್ ಥ್ರೆಡ್ ಬಿಜಿ ಇದ್ದರೂ ಅದು ನಿಲ್ಲುವುದಿಲ್ಲ, ಆದರೆ ಅಗಲ, ಎತ್ತರದಂಥ ಲೇಔಟ್ ಗುಣಗಳಿಗೆ ಅದು ನಡೆಯುವುದಿಲ್ಲ. ಹಾಗಾಗಿ ಅಲ್ಲಿ ಪ್ರೋಗ್ರೆಸ್ ಬಾರ್ ಮಾಡುವವರು ಅಗಲ ಬದಲಿಸುವ ಬದಲು ಸ್ಕೇಲ್ ಬದಲಿಸುತ್ತಾರೆ. ಐಫೋನ್‌ನಲ್ಲಿ ಕೋರ್ ಅನಿಮೇಷನ್ ಬೇರೆಯೇ ಪ್ರೊಸೆಸ್‌ನಲ್ಲಿ ಓಡುತ್ತದೆ, ಒಮ್ಮೆ ಶುರುವಾದ ಚಕ್ರ ಮೇನ್ ಥ್ರೆಡ್ ಕಟ್ಟಿಕೊಂಡರೂ ಸುತ್ತುತ್ತಲೇ ಇರಬಹುದು. ಇದು ಒಳ್ಳೆಯದು ಅನ್ನಿಸುತ್ತದೆ, ಆದರೆ ಚಕ್ರ ಸುತ್ತುತ್ತಿದೆ, ಮುಟ್ಟಿದರೆ ಏನೂ ಆಗುತ್ತಿಲ್ಲ ಅನ್ನುವ ಸ್ಥಿತಿ ಇನ್ನೂ ಕೆಟ್ಟದ್ದು. ಆಂಡ್ರಾಯ್ಡ್‌ನಲ್ಲಿ ಮೇನ್ ಥ್ರೆಡ್ ಕಟ್ಟಿಕೊಂಡು, ಬಳಸುವವರ ಸ್ಪರ್ಶಕ್ಕೆ 5 ಸೆಕೆಂಡ್ ಉತ್ತರ ಬರದಿದ್ದರೆ ಸಿಸ್ಟಮ್ಮೇ ಮಧ್ಯೆ ಬಂದು "ಆ್ಯಪ್ ಪ್ರತಿಕ್ರಿಯಿಸುತ್ತಿಲ್ಲ" ಅನ್ನುತ್ತದೆ.

ಮೂರನೆಯದು ಹೋಗದೇ ಉಳಿಯುವ ಚಕ್ರ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಗಂಭೀರ. ಮಿಂಚುವ ಚಕ್ರ ಕಿರಿಕಿರಿ ಮಾಡುತ್ತದೆ ಅಷ್ಟೇ. ಹೋಗದ ಚಕ್ರ ಜನರ ಸಮಯ ತಿನ್ನುತ್ತದೆ. ಏನೋ ನಡೆಯುತ್ತಿದೆ ಅಂತ ನಂಬಿ ಅವರು ಫೋನ್ ಹಿಡಿದು ಕೂತಿರುತ್ತಾರೆ, ಒಳಗೆ ಏನೂ ನಡೆಯುತ್ತಿರುವುದಿಲ್ಲ.

ಕೋಡ್‌ನಲ್ಲಿ ಸಾಮಾನ್ಯವಾಗಿ ಆಗುವುದು ಇಷ್ಟು. ಲೋಡಿಂಗ್ ಅನ್ನುವ ವೇರಿಯಬಲ್‌ಗೆ ಟ್ರೂ ಹಾಕುತ್ತೀರಿ, ಸರ್ವರ್ ಕರೆಯುತ್ತೀರಿ, ಡೇಟಾ ಬಂದ ಮೇಲೆ ಫಾಲ್ಸ್ ಮಾಡುತ್ತೀರಿ. ನಡುವೆ ಎಕ್ಸೆಪ್ಷನ್, ಅಂದರೆ ಕೋಡ್ ತಡೆಯುವ ತಪ್ಪು, ಬಂದರೆ? ಫಾಲ್ಸ್ ಮಾಡುವ ಸಾಲು ಓಡುವುದೇ ಇಲ್ಲ. ಆ ಸಾಲು, ಏನೇ ಆದರೂ ಓಡುವ ಫೈನಲಿ ಬ್ಲಾಕ್‌ನಲ್ಲಿರಬೇಕು. ಇನ್ನೂ ಒಳ್ಳೆಯದು ಅಂದರೆ ಒಂದು ಬೂಲಿಯನ್ ಬದಲು ಲೋಡಿಂಗ್, ಡೇಟಾ, ಖಾಲಿ, ತಪ್ಪು ಅಂತ ನಾಲ್ಕು ಸ್ಥಿತಿ ಇಟ್ಟುಕೊಳ್ಳಿ. ಒಮ್ಮೆಗೆ ಒಂದೇ ಸ್ಥಿತಿ. ಆಗ ಚಕ್ರವೂ ತಪ್ಪಿನ ಸಂದೇಶವೂ ಒಟ್ಟಿಗೆ ಕಾಣುವ ವಿಚಿತ್ರಗಳೂ ನಿಲ್ಲುತ್ತವೆ. "ಖಾಲಿ" ಅನ್ನುವುದನ್ನು ಮರೆಯಬೇಡಿ. ಪಟ್ಟಿಯಲ್ಲಿ ಏನೂ ಇಲ್ಲ ಅನ್ನುವುದನ್ನೇ ಇನ್ನೂ ಬಂದಿಲ್ಲ ಅಂದುಕೊಂಡು ಸುತ್ತುತ್ತಲೇ ಇರುವ ಆ್ಯಪ್‌ಗಳನ್ನು ನೋಡಿದ್ದೇನೆ.

ಎಕ್ಸೆಪ್ಷನ್ ಕೂಡ ಬಾರದೆ, ಉತ್ತರವೂ ಬಾರದೆ ಇದ್ದರೆ? ಅದಕ್ಕೆ ಟೈಮ್‌ಔಟ್ ಬೇಕು. ಆಂಡ್ರಾಯ್ಡ್‌ನಲ್ಲಿ ಬಳಸುವ ಓಕೆಎಚ್‌ಟಿಟಿಪಿ ಲೈಬ್ರರಿ ತಾನಾಗಿಯೇ ಕನೆಕ್ಟ್ ಆಗುವುದಕ್ಕೆ 10 ಸೆಕೆಂಡ್, ಓದುವುದಕ್ಕೆ 10 ಸೆಕೆಂಡ್ ಮಿತಿ ಇಟ್ಟುಕೊಂಡಿದೆ. ಐಫೋನ್‌ನ ಯುಆರ್‌ಎಲ್ ಸೆಷನ್ 60 ಸೆಕೆಂಡ್ ಕಾಯುತ್ತದೆ. ಫ್ಲಟರ್‌ನಲ್ಲಿ ಇದನ್ನು ಯಾರಾದರೂ ಇಟ್ಟಿರುತ್ತಾರೆ ಅಂತ ನಂಬಿ ಕೂರಬೇಡಿ, ಫ್ಯೂಚರ್‌ಗೆ ನೀವೇ ಟೈಮ್‌ಔಟ್ ಹಾಕಿ. ಪಟ್ಟಿ ತರುವುದಕ್ಕೆ 15 ಸೆಕೆಂಡ್ ನಾನು ಇಡುವ ಮಿತಿ. ಅಪ್‌ಲೋಡ್‌ಗೆ ಒಟ್ಟು ಸಮಯದ ಮಿತಿ ಹಾಕಬೇಡಿ, ದೊಡ್ಡ ಫೋಟೋ ನಿಧಾನ ನೆಟ್‌ನಲ್ಲಿ ನಿಜವಾಗಲೂ ಅಷ್ಟು ಹೊತ್ತು ತೆಗೆದುಕೊಳ್ಳಬಹುದು. ಅಲ್ಲಿ ನೋಡಬೇಕಾದ್ದು ಇಷ್ಟು ಸೆಕೆಂಡಿನಿಂದ ಒಂದು ಬೈಟ್ ಕೂಡ ಮುಂದೆ ಹೋಗಿಲ್ಲ ಅನ್ನುವುದನ್ನು. ಮಿತಿ ದಾಟಿದ ಮೇಲೆ ಚಕ್ರ ಹೋಗಿ ಅಲ್ಲಿ ಒಂದು ಸಾಲು ಮಾತು, ಒಂದು "ಮತ್ತೆ ಪ್ರಯತ್ನಿಸಿ" ಬಟನ್ ಬರಬೇಕು. ಚಕ್ರ ಹೋಗಿ ಖಾಲಿ ಸ್ಕ್ರೀನ್ ಉಳಿದರೆ ಏನೂ ಸರಿ ಮಾಡಿದ ಹಾಗಾಗಲಿಲ್ಲ.

ನಾನೇ ಮಾಡಿದ ಒಂದು ತಪ್ಪು ಹೇಳುತ್ತೇನೆ, ನೀವು ಮಾಡಬಾರದು ಅಂತ. ಒಂದು ಆ್ಯಪ್‌ನಲ್ಲಿ ಫಾರ್ಮ್ ಕಳಿಸುವಾಗ ಚಕ್ರವನ್ನು ಡೈಲಾಗ್ ಆಗಿ ತೋರಿಸುತ್ತಿದ್ದೆ. ಕೆಲಸ ಮುಗಿದ ಮೇಲೆ ನ್ಯಾವಿಗೇಟರ್ ಪಾಪ್ ಕರೆದು ಅದನ್ನು ಮುಚ್ಚುತ್ತಿದ್ದೆ. ಡೈಲಾಗ್‌ನ ಹೊರಗೆ ಮುಟ್ಟಿದರೆ ಮುಚ್ಚದ ಹಾಗೂ ಮಾಡಿದ್ದೆ, ಅಷ್ಟು ಸಾಕು ಅಂದುಕೊಂಡಿದ್ದೆ. ಆದರೆ ಆಂಡ್ರಾಯ್ಡ್‌ನ ಬ್ಯಾಕ್ ಒತ್ತಿದರೆ ಡೈಲಾಗ್ ಆಗಲೂ ಮುಚ್ಚುತ್ತದೆ. ಬಳಸುವವರು ಬೇಸರದಿಂದ ಬ್ಯಾಕ್ ಒತ್ತಿದರು, ಡೈಲಾಗ್ ಹೋಯಿತು. ಎರಡು ಸೆಕೆಂಡ್ ಆದ ಮೇಲೆ ಸರ್ವರ್ ಉತ್ತರ ಬಂತು, ನನ್ನ ಕೋಡ್ ಪಾಪ್ ಕರೆಯಿತು, ಈಗ ಮುಚ್ಚಿಹೋದದ್ದು ಅವರು ತುಂಬಿಸುತ್ತಿದ್ದ ಫಾರ್ಮ್ ಸ್ಕ್ರೀನೇ. ಅವರು ಬರೆದದ್ದೆಲ್ಲ ಹೋಯಿತು. ಇದು ಗೊತ್ತಾಗುವುದಕ್ಕೆ ನನಗೆ ವಾರಗಟ್ಟಲೆ ಹಿಡಿಯಿತು, ಯಾಕಂದರೆ ನನ್ನ ಮೇಜಿನ ಮೇಲೆ ನೆಟ್ ಯಾವಾಗಲೂ ಚೆನ್ನಾಗಿತ್ತು, ನಾನು ಯಾವತ್ತೂ ಬ್ಯಾಕ್ ಒತ್ತುವಷ್ಟು ಕಾದಿರಲಿಲ್ಲ. ಆ ದಿನದಿಂದ ಚಕ್ರವನ್ನು ಡೈಲಾಗ್ ಆಗಿ ಹಾಕುವುದನ್ನು ಬಿಟ್ಟಿದ್ದೇನೆ. ಅದು ಆ ಸ್ಕ್ರೀನ್‌ನ ಸ್ಥಿತಿಯ ಒಂದು ಭಾಗ, ಸ್ಕ್ರೀನ್ ಒಳಗೇ ಇರಲಿ. ಗೂಗಲ್ ಕೂಡ ಆಂಡ್ರಾಯ್ಡ್‌ನ ಹಳೆಯ ಪ್ರೋಗ್ರೆಸ್ ಡೈಲಾಗ್ ಅನ್ನು ಆಂಡ್ರಾಯ್ಡ್ 8ರ ಕಾಲಕ್ಕೆ, 2017ರಲ್ಲಿ, ಬಳಸಬೇಡಿ ಅಂತ ಗುರುತು ಹಾಕಿತು. ಅದು ಇಡೀ ಆ್ಯಪ್ ಅನ್ನೇ ತಡೆದು ನಿಲ್ಲಿಸುತ್ತದೆ ಅನ್ನುವುದೇ ಕಾರಣ.

ಹಾಗೇ, ಸ್ಕ್ರೀನ್ ಬಿಟ್ಟು ಹೋದ ಮೇಲೆ ಉತ್ತರ ಬಂದರೆ ಸೆಟ್ ಸ್ಟೇಟ್ ಕರೆಯುವ ಮೊದಲು ಮೌಂಟೆಡ್ ಇದೆಯಾ, ಅಂದರೆ ಆ ಸ್ಕ್ರೀನ್ ಇನ್ನೂ ಇದೆಯಾ, ನೋಡಿ. ಒಂದೇ ಸ್ಕ್ರೀನ್‌ನಲ್ಲಿ ಎರಡು ಮೂರು ರಿಕ್ವೆಸ್ಟ್ ಒಟ್ಟಿಗೆ ಹೋಗುತ್ತಿದ್ದು ಚಕ್ರ ಮಾತ್ರ ಒಂದೇ ಇದ್ದರೆ, ಮೊದಲು ಮುಗಿದದ್ದೇ ಚಕ್ರವನ್ನು ತೆಗೆದುಬಿಡುತ್ತದೆ. ಎಷ್ಟು ಬಾಕಿ ಇದೆ ಅಂತ ಎಣಿಕೆ ಇಡಿ, ಸೊನ್ನೆಗೆ ಬಂದಾಗ ಮಾತ್ರ ತೆಗೆಯಿರಿ.

ಇಷ್ಟು ಆದರೆ ಚಕ್ರ ಸರಿಯಾಗಿ ಬರುತ್ತದೆ, ಸರಿಯಾಗಿ ಹೋಗುತ್ತದೆ. ಈಗ ಕೇಳಬೇಕಾದ ಪ್ರಶ್ನೆ, ಎಲ್ಲ ಕಡೆ ಚಕ್ರವೇ ಬೇಕಾ?

ನಿಮ್ಮ ಪಟ್ಟಿಯ ಸ್ಕ್ರೀನ್‌ಗೆ ಬೇಡ ಅಂತ ನನ್ನ ಅಭಿಪ್ರಾಯ. ಕಳೆದ ಸಲ ತಂದ ಪಟ್ಟಿಯನ್ನು ಫೋನ್‌ನಲ್ಲೇ ಉಳಿಸಿಕೊಂಡು, ಆ್ಯಪ್ ತೆರೆದ ಕೂಡಲೇ ಅದನ್ನೇ ತೋರಿಸಿ. ಹಿಂದೆ ಹೊಸದು ಬರುತ್ತಿರಲಿ. ಮೇಲ್ಗಡೆ ಒಂದು ತೆಳು ಗೆರೆಯ ಲೀನಿಯರ್ ಪ್ರೋಗ್ರೆಸ್ ಇಂಡಿಕೇಟರ್ ಓಡುತ್ತಿದ್ದರೆ ಸಾಕು. ಜನ ಓದುವುದಕ್ಕೆ ಶುರು ಮಾಡಿರುತ್ತಾರೆ, ಕಾಯುತ್ತಿದ್ದೇವೆ ಅಂತಲೇ ಅನ್ನಿಸುವುದಿಲ್ಲ. ಇದಕ್ಕಿಂತ ಒಳ್ಳೆಯ ಲೋಡಿಂಗ್ ಅನಿಮೇಷನ್ ನಾನು ನೋಡಿಲ್ಲ. ಎಳೆದು ಬಿಟ್ಟು ರಿಫ್ರೆಶ್ ಮಾಡುವ ಅಭ್ಯಾಸ ಜನರಿಗೆ ಚೆನ್ನಾಗಿ ಆಗಿದೆ, ಲೋರೆನ್ ಬ್ರಿಕ್ಟರ್ ಟ್ವಿಟರ್‌ಗಾಗಿ ಮಾಡಿದ ತಮ್ಮ ಟ್ವೀಟಿ ಆ್ಯಪ್‌ನಲ್ಲಿ ತಂದದ್ದು ಅದು. ಫ್ಲಟರ್‌ನಲ್ಲಿ ರಿಫ್ರೆಶ್ ಇಂಡಿಕೇಟರ್ ಬಳಸಿ. ಅದರ ಆನ್ ರಿಫ್ರೆಶ್‌ನಲ್ಲಿ ನೀವು ಕೊಡುವ ಫ್ಯೂಚರ್ ಮುಗಿಯುವ ತನಕ ಚಕ್ರ ಇರುತ್ತದೆ. ಒಳಗೆ ಅವೇಟ್ ಮರೆತರೆ ಕೂಡಲೇ ಮಾಯವಾಗುತ್ತದೆ, ಪಟ್ಟಿ ಆಮೇಲೆ ಯಾವಾಗಲೋ ಬದಲಾಗುತ್ತದೆ. ನಿಮ್ಮ ಕೋಡ್‌ನಲ್ಲಿ ಇದನ್ನೂ ಒಮ್ಮೆ ನೋಡಿಕೊಳ್ಳಿ.

ಮೊದಲ ಸಲ ಆ್ಯಪ್ ತೆರೆದವರಿಗೆ ಹಳೆಯ ಪಟ್ಟಿ ಇರುವುದಿಲ್ಲ. ಅಲ್ಲಿ ಸ್ಕೆಲಿಟನ್ ಹಾಕಿ. ಅಂದರೆ ಚಿತ್ರ ಬರುವ ಜಾಗದಲ್ಲಿ ಬೂದು ಚೌಕ, ಹೆಸರು ಬರುವ ಜಾಗದಲ್ಲಿ ಬೂದು ಪಟ್ಟಿ, ಅದರ ಮೇಲೆ ತೆಳುವಾಗಿ ಹಾದುಹೋಗುವ ಹೊಳಪು. ಈ ಹೆಸರು ಕೊಟ್ಟವರು ಲ್ಯೂಕ್ ರೊಬ್ಲೆವ್ಸ್ಕಿ, 2013ರಲ್ಲಿ. ಅವರ ಪೋಲಾರ್ ಅನ್ನುವ ಆ್ಯಪ್‌ನಲ್ಲಿ ಚಕ್ರಗಳನ್ನು ಸೇರಿಸಿದ ಮೇಲೆ ಆ್ಯಪ್ ನಿಧಾನ ಆಗಿದೆ ಅಂತ ಜನ ದೂರು ಹೇಳಿದರಂತೆ. ಚಕ್ರ ಕಂಡ ಕೂಡಲೇ ಜನ ಗಡಿಯಾರ ನೋಡುವುದಕ್ಕೆ ಶುರು ಮಾಡುತ್ತಾರೆ ಅನ್ನುವುದು ಅವರಿಗೆ ಆಗ ಹೊಳೆಯಿತು. ಸ್ಕೆಲಿಟನ್ ಕಾಯುವುದರ ಮೇಲಿಂದ ಗಮನ ತೆಗೆದು ಏನು ಬರಲಿದೆ ಅನ್ನುವುದರ ಮೇಲೆ ಇಡುತ್ತದೆ.

ಆದರೆ ಸ್ಕೆಲಿಟನ್ ಸುಳ್ಳು ಹೇಳಬಾರದು. ಬೂದು ಚೌಕದ ಅಳತೆ ನಿಜವಾದ ಚಿತ್ರದ ಅಳತೆಯೇ ಆಗಿರಬೇಕು, ಸಾಲುಗಳ ನಡುವಿನ ಅಂತರವೂ ಅದೇ. ಇಲ್ಲದಿದ್ದರೆ ಡೇಟಾ ಬಂದಾಗ ಎಲ್ಲ ಜಿಗಿದು ಬೇರೆ ಜಾಗಕ್ಕೆ ಹೋಗುತ್ತದೆ, ಬೆರಳು ಇಟ್ಟ ಕಡೆ ಬೇರೆ ಬಟನ್ ಬಂದು ಕೂರುತ್ತದೆ. ಹೊಳಪು ಎಲ್ಲ ಸಾಲುಗಳ ಮೇಲೂ ಒಂದೇ ಲಯದಲ್ಲಿ ಹಾಯಬೇಕು. ಒಂದೊಂದು ಸಾಲಿಗೆ ಒಂದೊಂದು ಅನಿಮೇಷನ್ ಕಂಟ್ರೋಲರ್ ಇಟ್ಟರೆ ಒಂದೊಂದು ಒಂದೊಂದು ಹೊತ್ತಿಗೆ ಮಿನುಗುತ್ತದೆ, ನೋಡುವುದಕ್ಕೂ ಹಿಂಸೆ, ಬ್ಯಾಟರಿಗೂ ಹೊರೆ. ಮೇಲೆ ಒಂದೇ ಕಂಟ್ರೋಲರ್ ಇಟ್ಟು ಎಲ್ಲಕ್ಕೂ ಅದನ್ನೇ ಹಂಚಿ. ಒಂದು ಸಲ ಹಾಯುವುದಕ್ಕೆ ಒಂದೂವರೆ ಸೆಕೆಂಡ್ ಹತ್ತಿರ ಇರಲಿ, ಜಾಸ್ತಿ ವೇಗ ಬೇಡ.

ಬಟನ್ ಒತ್ತಿದಾಗ ನಡೆಯುವ ಕೆಲಸಕ್ಕೆ ಚಕ್ರ ಆ ಬಟನ್ ಒಳಗೇ ಇರಲಿ. ಒತ್ತಿದ ಕೂಡಲೇ ಬಟನ್ ಡಿಸೇಬಲ್ ಆಗಬೇಕು, ಇದಕ್ಕೆ ಮಾತ್ರ 300 ಮಿಲಿಸೆಕೆಂಡ್ ಕಾಯುವ ನಿಯಮ ಇಲ್ಲ. ಕಾದರೆ ಅಷ್ಟರಲ್ಲಿ ಇನ್ನೊಮ್ಮೆ ಒತ್ತಿರುತ್ತಾರೆ. ಒಳಗಿನ ಚಕ್ರಕ್ಕೆ ಸೈಜ್ಡ್ ಬಾಕ್ಸ್‌ನಲ್ಲಿ ಅಳತೆ ಕಟ್ಟಿಕೊಡಿ, ಇಲ್ಲದಿದ್ದರೆ ಬಟನ್ ದಪ್ಪ ಆಗುತ್ತದೆ ಅಥವಾ ಚಕ್ರ ಮೊಟ್ಟೆಯ ಆಕಾರಕ್ಕೆ ಬರುತ್ತದೆ. ಹಣ ಪಾವತಿಯಂಥ ಕೆಲಸ ಆದರೆ ಡಿಸೇಬಲ್ ಮಾಡಿದ್ದನ್ನಷ್ಟೇ ನಂಬಬೇಡಿ. ಪ್ರತಿ ಪಾವತಿಗೂ ಒಂದು ಗುರುತಿನ ಸಂಖ್ಯೆ ಕಳಿಸಿ, ಅದೇ ಸಂಖ್ಯೆ ಎರಡನೇ ಸಲ ಬಂದರೆ ಸರ್ವರ್ ಅದನ್ನು ಬಿಟ್ಟುಬಿಡಬೇಕು.

ಫೋಟೋ ಅಪ್‌ಲೋಡ್‌ಗೆ ಸುತ್ತುವ ಚಕ್ರ ಸಾಲದು, ಎಷ್ಟು ಆಯಿತು ಅಂತ ತೋರಿಸುವ ಬಾರ್ ಬೇಕು. ಫ್ಲಟರ್‌ನ ಇಂಡಿಕೇಟರ್‌ಗೆ ವ್ಯಾಲ್ಯೂ ಕೊಡದಿದ್ದರೆ ಅದು ಸುಮ್ಮನೆ ಸುತ್ತುತ್ತದೆ, 0ಯಿಂದ 1ರ ನಡುವೆ ಕೊಟ್ಟರೆ ಅಷ್ಟು ತುಂಬುತ್ತದೆ. ಬ್ರಾಡ್ ಮೈಯರ್ಸ್ 1985ರಲ್ಲೇ ಪ್ರಯೋಗ ಮಾಡಿ, ಎಷ್ಟು ಮುಗಿಯಿತು ಅಂತ ಕಾಣುವುದನ್ನು ಜನ ಇಷ್ಟಪಡುತ್ತಾರೆ ಅಂತ ತೋರಿಸಿದ್ದರು. ಬಾರ್‌ನ ಚಲನೆ ಕೂಡ ಮುಖ್ಯ. ಕ್ರಿಸ್ ಹ್ಯಾರಿಸನ್ ಮತ್ತು ಜೊತೆಯವರು 2010ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಬಾರ್ ಮುಂದೆ ಹೋಗುತ್ತಿರುವಾಗ ಅದರೊಳಗಿನ ಗೆರೆಗಳು ಹಿಂದಕ್ಕೆ, ನಿಧಾನವಾಗುತ್ತಾ ಹರಿದರೆ ಜನರಿಗೆ ಸಮಯ ಸುಮಾರು 11 ಶೇಕಡಾ ಕಡಿಮೆ ಆದ ಹಾಗೆ ಅನ್ನಿಸಿತು. ಬೇಕಿದ್ದರೆ ಇದನ್ನು ಬಳಸಿಕೊಳ್ಳಿ. ಆದರೆ ಅಂಕಿಯಲ್ಲಿ ಮಾತ್ರ ಸುಳ್ಳು ಬೇಡ. ಹಿಂದೆ ಟೈಮರ್ ಇಟ್ಟು 90ರ ತನಕ ಓಡಿಸಿ ಅಲ್ಲೇ ನಿಲ್ಲಿಸುವ ಬಾರ್‌ಗಳಿವೆಯಲ್ಲ, ಅಂಥದ್ದನ್ನು ಒಮ್ಮೆ ಕಂಡವರು ಮತ್ತೆ ನಿಮ್ಮ ಬಾರ್ ಅನ್ನು ನಂಬುವುದಿಲ್ಲ.

ಅಪ್‌ಲೋಡ್‌ನಲ್ಲಿ ನೂರಕ್ಕೆ ಬಂದು ನಿಲ್ಲುವ ತೊಂದರೆ ನಿಮಗೂ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ನಿಮಗೆ ಸಿಗುವ ಲೆಕ್ಕ ಫೋನ್‌ನಿಂದ ಹೊರಟ ಬೈಟ್‌ಗಳದ್ದು. ಸರ್ವರ್ ಅದನ್ನು ಪಡೆದು, ಉಳಿಸಿ, ಉತ್ತರ ಕೊಡುವುದಕ್ಕೆ ಇನ್ನೂ ಸಮಯ ಬೇಕು. ಆ ಹೊತ್ತಿಗೆ ಬಾರ್ ತುಂಬಿ ನಿಂತಿರುತ್ತದೆ, ಏನೋ ಕೆಟ್ಟಿದೆ ಅನ್ನಿಸುತ್ತದೆ. ಬೈಟ್ ಎಲ್ಲ ಹೋದ ಮೇಲೆ ಬಾರ್ ಅನ್ನು ಸುತ್ತುವ ರೂಪಕ್ಕೆ ಬದಲಿಸಿ, ಕೆಳಗೆ "ಫೋಟೋ ಉಳಿಸಲಾಗುತ್ತಿದೆ" ಅಂತ ಬರೆಯಿರಿ. ಡೌನ್‌ಲೋಡ್‌ನಲ್ಲಿ ಇನ್ನೊಂದು ಬಲೆ ಇದೆ. ಸರ್ವರ್ ಜಿಜಿಪ್ ಮಾಡಿ, ಅಂದರೆ ಕುಗ್ಗಿಸಿ, ಕಳಿಸಿದರೆ ಒಟ್ಟು ಎಷ್ಟು ಅನ್ನುವುದು ಎಷ್ಟೋ ಸಲ ಸಿಗುವುದಿಲ್ಲ, ಅದರ ಬದಲು ಮೈನಸ್ 1 ಬರುತ್ತದೆ. ಅದರಿಂದ ಭಾಗಿಸಿ ಮೈನಸ್ ಶೇಕಡಾ ತೋರಿಸಿದ ಆ್ಯಪ್‌ಗಳಿವೆ. ಒಟ್ಟು ಗೊತ್ತಿಲ್ಲ ಅಂದರೆ ಸುತ್ತುವ ರೂಪವೇ ಸರಿ.

ಈಗ ಗೆಳತಿಯ ಅನಿಮೇಷನ್. ಲಾಟಿಯನ್ನು ಏರ್‌ಬಿಎನ್‌ಬಿ 2017ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ನೆರಳು ಚಿತ್ರಗಳ ಅನಿಮೇಷನ್‌ಗೆ ಹೆಸರಾದ ಜರ್ಮನಿಯ ಲೋಟ್ಟೆ ರೈನಿಗರ್ ಅವರ ನೆನಪಿಗೆ ಆ ಹೆಸರು. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಮಾಡಿದ್ದು ಜೇಸನ್ ಫೈಲ್ ಆಗಿ ಬರುತ್ತದೆ, ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯುವುದಿಲ್ಲ. ಜಿಫ್‌ಗಿಂತ ಇದು ಎಷ್ಟೋ ವಾಸಿ. ಜಿಫ್‌ನಲ್ಲಿ ಒಂದು ಫ್ರೇಮ್‌ಗೆ 256 ಬಣ್ಣ ಮಾತ್ರ, ಅರೆಪಾರದರ್ಶಕ ಇಲ್ಲವೇ ಇಲ್ಲ, ಡಾರ್ಕ್ ಮೋಡ್‌ನಲ್ಲಿ ಅಂಚಿನ ಸುತ್ತ ಬಿಳಿ ಗೆರೆ ಕಾಣುತ್ತದೆ.

ಗೆಳತಿಯ ಅನಿಮೇಷನ್ ಅನ್ನು ಬಾರ್ ಜೊತೆಗೆ ಫೋಟೋ ಅಪ್‌ಲೋಡ್ ಸ್ಕ್ರೀನ್‌ನಲ್ಲಿ ಹಾಕಿ. ಅಲ್ಲಿ ಜನ ಕೆಲವು ಸೆಕೆಂಡ್ ನಿಜವಾಗಿ ಕಾಯುತ್ತಾರೆ, ನೋಡುವುದಕ್ಕೆ ಏನಾದರೂ ಇದ್ದರೆ ಹಿತ ಅನ್ನಿಸುತ್ತದೆ, ಅವಳ ಶ್ರಮವೂ ಕಾಣುತ್ತದೆ. ದಿನಕ್ಕೆ ಐವತ್ತು ಸಲ ತೆರೆಯುವ ಪಟ್ಟಿಯಲ್ಲಿ ಬೇಡ, ಎಷ್ಟೇ ಚೆಂದದ್ದಾದರೂ ಐವತ್ತನೇ ಸಲಕ್ಕೆ ಸಾಕು ಅನ್ನಿಸುತ್ತದೆ. ಹಾಕುವ ಮೊದಲು ಅವಳ ಹತ್ತಿರ ಎರಡು ಮೂರು ವಿಷಯ ಕೇಳಿ. ಮೊದಲ ಫ್ರೇಮ್, ಕೊನೆಯ ಫ್ರೇಮ್ ಕೂಡಿಕೊಳ್ಳುತ್ತವಾ? ಇಲ್ಲದಿದ್ದರೆ ಪ್ರತಿ ಸುತ್ತಿಗೂ ಒಂದು ಎಳೆತ ಕಾಣುತ್ತದೆ. ಒಳಗೆ ಮಾಸ್ಕ್, ಬ್ಲರ್ ಜಾಸ್ತಿ ಇದೆಯಾ, ಫೋಟೋ ಸೇರಿಸಿದ್ದಾಳಾ? ಅವು ಹಳೆಯ ಫೋನ್‌ಗಳಿಗೆ ಭಾರ. ಫೈಲ್ ಅನ್ನು ಆ್ಯಪ್ ಒಳಗೇ ಇಡಿ, ನೆಟ್‌ನಿಂದ ತರಬೇಡಿ, ಮತ್ತೆ ಸ್ಕ್ರೀನ್ ಬರುವ ಮೊದಲೇ ಓದಿಟ್ಟುಕೊಳ್ಳಿ. ಲೋಡಿಂಗ್ ಅನಿಮೇಷನ್ ಲೋಡ್ ಆಗುವುದಕ್ಕೆ ಕಾಯುವ ಸ್ಥಿತಿ ಬರಬಾರದು. ರಿಪೇಂಟ್ ಬೌಂಡರಿಯಲ್ಲಿ ಸುತ್ತಿಟ್ಟರೆ ಅದರ ಜೊತೆ ಇಡೀ ಸ್ಕ್ರೀನ್ ಮರುಬಿಡಿಸುವುದು ತಪ್ಪುತ್ತದೆ. ಆಫ್‌ಸ್ಟೇಜ್ ಹಾಕಿ ಮರೆಮಾಡಿದರೆ ಸಾಲದು, ಕಣ್ಣಿಗೆ ಕಾಣದಿದ್ದರೂ ಅದು ಒಳಗೆ ಓಡುತ್ತಲೇ ಇರುತ್ತದೆ, ಬ್ಯಾಟರಿ ಹೋಗುತ್ತದೆ. ಕೆಲಸ ಮುಗಿದ ಮೇಲೆ ವಿಜೆಟ್ ಅನ್ನೇ ತೆಗೆಯಿರಿ, ನಿಮ್ಮ ಕಂಟ್ರೋಲರ್ ಇದ್ದರೆ ಡಿಸ್ಪೋಸ್ ಮಾಡಿ. ನೀವೇ ಕೈಯಾರೆ ಚಕ್ರ ತಿರುಗಿಸುವುದಾದರೆ ವೇಗ ಸುತ್ತಿನುದ್ದಕ್ಕೂ ಒಂದೇ ಇರಲಿ. ಈಸ್ ಇನ್ ಔಟ್ (ನಿಧಾನವಾಗಿ ಶುರುವಾಗಿ ನಿಧಾನವಾಗಿ ನಿಲ್ಲುವುದು) ಹಾಕಿದರೆ ಪ್ರತಿ ಸುತ್ತಿಗೂ ಮುಗ್ಗರಿಸಿದ ಹಾಗೆ ಕಾಣುತ್ತದೆ.

ಎಲ್ಲರೂ ಮರೆಯುವ ಒಂದು ಮಾತು ಇದೆ, ದಯವಿಟ್ಟು ನೀವು ಮರೆಯಬೇಡಿ. ಚಲಿಸುವುದನ್ನು ನೋಡಿದರೆ ತಲೆಸುತ್ತು ಬರುವವರಿದ್ದಾರೆ. ಅವರು ಫೋನ್ ಸೆಟ್ಟಿಂಗ್‌ನಲ್ಲಿ ಅನಿಮೇಷನ್ ಬೇಡ ಅಂತ ಹಾಕಿರುತ್ತಾರೆ. ಆಂಡ್ರಾಯ್ಡ್‌ನಲ್ಲಿ ಅದು ಫ್ಲಟರ್‌ನ ಡಿಸೇಬಲ್ ಅನಿಮೇಷನ್ಸ್ ಮೂಲಕ ತಿಳಿಯುತ್ತದೆ, ಐಫೋನ್‌ನಲ್ಲಿ ರಿಡ್ಯೂಸ್ ಮೋಷನ್ ಮೂಲಕ. ಎರಡನ್ನೂ ಕೇಳಿ, ಯಾವುದು ಆನ್ ಇದ್ದರೂ ಹೊಳಪು ನಿಲ್ಲಿಸಿ, ಲಾಟಿಯ ಒಂದು ಫ್ರೇಮ್ ಮಾತ್ರ ಇಟ್ಟು "ಲೋಡ್ ಆಗುತ್ತಿದೆ" ಅಂತ ಬರೆಯಿರಿ. ಕಣ್ಣು ಕಾಣದವರು ಸ್ಕ್ರೀನ್ ಓದಿ ಹೇಳುವ ಟಾಕ್‌ಬ್ಯಾಕ್ ಅಥವಾ ವಾಯ್ಸ್‌ಓವರ್‌ನಲ್ಲಿ ಬಳಸುತ್ತಾರೆ, ಅವರಿಗೆ ನಿಮ್ಮ ಚಕ್ರ ಇದೆ ಅಂತಲೇ ಗೊತ್ತಾಗುವುದಿಲ್ಲ. ಇಂಡಿಕೇಟರ್‌ಗೆ ಸೆಮ್ಯಾಂಟಿಕ್ಸ್ ಲೇಬಲ್ ಕೊಡಿ, ಮುಗಿದಾಗಲೂ ಒಂದು ಮಾತು ಕೇಳಿಸುವ ಹಾಗೆ ಮಾಡಿ. ಸ್ಕೆಲಿಟನ್‌ನ ಬೂದು ಚೌಕಗಳನ್ನು ಮಾತ್ರ ಅವರಿಂದ ಮರೆಮಾಡಿ, ಹೆಸರಿಲ್ಲದ ಹತ್ತು ಚೌಕಗಳ ಮೇಲೆ ಅವರ ಬೆರಳು ಅಲೆಯಬಾರದು. ಇನ್ನೂ ಒಂದು, ಯಾವುದೂ ಸೆಕೆಂಡಿಗೆ ಮೂರಕ್ಕಿಂತ ಜಾಸ್ತಿ ಸಲ ಮಿನುಗಬಾರದು. ಅಪಸ್ಮಾರ ಇರುವವರಿಗೆ ಅದು ಅಪಾಯ.

ಟೆಸ್ಟ್ ಬರೆಯುವಾಗ ಒಂದು ಕಡೆ ಸಿಕ್ಕಿಬೀಳುತ್ತೀರಿ. ಫ್ಲಟರ್ ಟೆಸ್ಟ್‌ನ ಪಂಪ್ ಆ್ಯಂಡ್ ಸೆಟಲ್ ಎಲ್ಲ ಅನಿಮೇಷನ್ ಮುಗಿಯುವ ತನಕ ಕಾಯುತ್ತದೆ. ಸುತ್ತುವ ಚಕ್ರ ಮುಗಿಯುವುದೇ ಇಲ್ಲವಲ್ಲ, ಹಾಗಾಗಿ ಟೆಸ್ಟ್ ಟೈಮ್‌ಔಟ್ ಆಗುತ್ತದೆ. ಲೋಡಿಂಗ್ ಇರುವ ಸ್ಕ್ರೀನ್‌ನಲ್ಲಿ ಪಂಪ್‌ಗೆ ಇಂತಿಷ್ಟು ಸಮಯ ಅಂತ ಕೊಟ್ಟು ಮುಂದೆ ಹೋಗಿ.

ಟೆಸ್ಟ್ ಪಾಸಾದರೂ ಕೈಯಲ್ಲಿ ಒಮ್ಮೆ ಪರೀಕ್ಷೆ ಮಾಡಲೇಬೇಕು. ಸರ್ವರ್ ಉತ್ತರಕ್ಕೆ ಬೇಕಂತಲೇ ತಡ ಸೇರಿಸಿ: ಒಮ್ಮೆ 100 ಮಿಲಿಸೆಕೆಂಡ್, ಒಮ್ಮೆ 400, ಒಮ್ಮೆ 5 ಸೆಕೆಂಡ್, ಒಮ್ಮೆ ಉತ್ತರವೇ ಬಾರದ ಹಾಗೆ. 400ರದ್ದು ಮುಖ್ಯ, ಚಕ್ರ ಮೂಡುತ್ತಿರುವಾಗಲೇ ಡೇಟಾ ಬರುವ ಹೊತ್ತು ಅದು. ಆಮೇಲೆ ಫೋಟೋ ಅರ್ಧ ಹೋಗಿರುವಾಗ ಏರೋಪ್ಲೇನ್ ಮೋಡ್ ಹಾಕಿ, ಬ್ಯಾಕ್ ಒತ್ತಿ, ಮತ್ತೆ ಅದೇ ಸ್ಕ್ರೀನ್‌ಗೆ ಬನ್ನಿ. ಅಲ್ಲಿ ಚಕ್ರ ಇನ್ನೂ ಸುತ್ತುತ್ತಿದ್ದರೆ, ಆ ಸ್ಕ್ರೀನ್‌ನ ಕೋಡ್ ಮತ್ತು ಸ್ಥಿತಿ ಬದಲಿಸುವ ಸಾಲುಗಳನ್ನು ಕಳಿಸಿ, ನೋಡಿ ಹೇಳುತ್ತೇನೆ.